ಹೊದ್ದ ಸೆರಗು

ವರದಾ ನದಿಯ ದಂಡೆಯ ಆಶ್ರಮಕ್ಕೆ ಬರುವ ಮೊದಲು ಪದ್ಮರಾಜನಿಗೆ ಒಂದೇ ಕಸುಬು. ಹಳೆಯ ಸಿನಿಮಾಗಳಲ್ಲಿ ತಪ್ಪು ಹುಡುಕಿ ಪತ್ರಿಕೆಗೆ ಬರೆಯುವುದು. ಮಹಾರಾಜನ ಮುಂಗೈಯಲ್ಲಿ ಕೈಗಡಿಯಾರ, ವನವಾಸದ ಕಾಡಿನಲ್ಲಿ ಕರೆಂಟ್ ಕಂಬ, ಒಂದನ್ನೂ ಬಿಟ್ಟವನಲ್ಲ. ಎಂಥಾ ಹದ್ದಿನ ಕಣ್ಣಪ್ಪಾ ಎಂದು ಜನ ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ, ಹೇಳಿ?

ಆಶ್ರಮ ಸೇರಿ ವರ್ಷವಾದ ಮೇಲೆ ಅವನನ್ನು ಹುಡುಕಿಕೊಂಡು ಒಂದು ಕಾಗದ ಬಂತು. ಓದಿದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ಬೆಳಿಗ್ಗೆ ಗುರು ಮುರಿಗೆಯ್ಯನವರನ್ನು ಅರಸಿ ಹೊರಟ. ಅವರು ಹೊಳೆಯ ಮೆಟ್ಟಿಲ ಮೇಲೆ ಕೂತು ತಮ್ಮ ಪಂಚೆ ಒಗೆಯುತ್ತಿದ್ದರು.

ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿಕೊಂಡ.

ಒಂದು ಹಳೆಯ ಚಿತ್ರದಲ್ಲಿ ತಾಯಿ ಅಂಗಳದ ಬಿಸಿಲಲ್ಲಿ ಕೂತು ಮಗನಿಗೆ ಕೈತುತ್ತು ಹಾಕುತ್ತಾಳೆ. ಮೊದಲ ತುತ್ತಿಗೆ ಸೆರಗು ಎಡಭುಜದ ಮೇಲಿದೆ. ಮುಂದಿನ ತುತ್ತಿಗೆ ನೋಡಿದರೆ ಎದೆ ಮುಚ್ಚಿ ಎರಡೂ ಭುಜಕ್ಕೆ ಹೊದ್ದಿದೆ. 'ಸುಡುಬಿಸಿಲಲ್ಲಿ ಅಮ್ಮನಿಗೆ ಇದ್ದಕ್ಕಿದ್ದಂತೆ ಚಳಿಜ್ವರ ಬಂತೇ?' ಎಂದು ಪದ್ಮರಾಜ ಬರೆದಿದ್ದ. ಓದಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಕಾಗದ ಬರೆದವಳು ಆ ನಟಿಯ ಮಗಳು. ಶೂಟಿಂಗ್ ನಡೆದಾಗ ಅವಳು ತಿಂಗಳ ಕೂಸು, ಹೊರಗೆ ಕಾರಿನಲ್ಲಿ ಹಸಿದು ಅಳುತ್ತಿದ್ದಳು. ಅಳು ಕೇಳಿ ತಾಯಿಗೆ ಎದೆಹಾಲು ಉಕ್ಕಿ ರವಿಕೆ ನೆನೆಯಿತು. ಅಷ್ಟು ಜನ ಗಂಡಸರ ನಡುವೆ ಆಕೆ ತಾನೇ ಏನು ಮಾಡಿಯಾಳು? ಸೆರಗು ಹೊದ್ದುಕೊಂಡು ಬೇರೆಯವರ ಮಗನಿಗೆ ತುತ್ತು ಹಾಕಿದಳು.

ಇದನ್ನು ಮಗಳೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಪದ್ಮರಾಜನ ಬರಹ ಓದಿದ ಮೇಲೆ, ಎಲ್ಲರೂ ತನ್ನ ಎದೆಯನ್ನೇ ನೋಡುತ್ತಿದ್ದಾರೆ ಅನ್ನಿಸಿ ಹೊಸ್ತಿಲು ದಾಟುವುದನ್ನೇ ಬಿಟ್ಟಳಂತೆ. ಹೋದ ತಿಂಗಳು ತೀರಿಕೊಂಡಳು.

"ಸೆರಗು ಹೊದ್ದಾಗ ಆಕಿ ಮುಖ ಹೆಂಗಿತ್ತು?" ಗುರುಗಳು ಕೇಳಿದರು.

ಆ ದೃಶ್ಯವನ್ನು ಪದ್ಮರಾಜ ಇಪ್ಪತ್ತು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ದ.

"ಮುಖ ನೋಡಲಿಲ್ಲ ಗುರುಗಳೇ."

ಗುರುಗಳು ಪಂಚೆ ಜಾಲಿಸುತ್ತಲೇ ಇದ್ದರು.

ಅವನು ಜೇಬಿನಿಂದ ಎರಡು ಹಾಳೆ ತೆಗೆದು ಮುಂದೆ ಹಿಡಿದ. ಅದೇ ಪತ್ರಿಕೆಗೆ ಕಳಿಸಲು ಬರೆದ ಕ್ಷಮಾಪಣೆ. ಅವತ್ತು ನಡೆದದ್ದನ್ನು ಒಂದೂ ಬಿಡದೆ ವಿವರಿಸಿದ್ದ. ಇದು ಅಚ್ಚಾದರೆ ಆ ತಾಯಿಯನ್ನು ನೋಡಿ ಇನ್ಯಾರೂ ನಗುವುದಿಲ್ಲ, ತನ್ನ ಸಂಕಟವೂ ಇಳಿಯುತ್ತದೆ ಎಂದು ನಂಬಿದ್ದ, ಪಾಪ.

ಗುರುಗಳು ಓದಲಿಲ್ಲ. ಹಾಳೆಗಳನ್ನು ಇಸಿದುಕೊಂಡು ಹೊಳೆಯಲ್ಲಿ ಅದ್ದಿದರು. ಶಾಯಿ ಕರಗಿ ಅಕ್ಷರಗಳೆಲ್ಲ ಅಳಿಸಿಹೋದವು.

ಪದ್ಮರಾಜನ ಕಣ್ಣು ತುಂಬಿತು. "ಹಾಗಾದರೆ ನನ್ನ ತಪ್ಪು ಹಾಗೇ ಉಳಿಯಿತಲ್ಲ ಗುರುಗಳೇ. ಓದಿದವರು ಇನ್ನೂ ನಗುತ್ತಾರೆ. ನಾನೇನು ಮಾಡಲಿ?"

ಅವರು ಪಂಚೆ ಹಿಂಡಿ ಹೆಗಲಿಗೆ ಹಾಕಿಕೊಂಡು ಎದ್ದರು.

"ಮಗಳಿಗೆ ಬಿಟ್ಟು ಆಕಿ ಯಾರಿಗೂ ಹೇಳಲಿಲ್ಲ ತಮ್ಮಾ. ನೀ ನನಗೂ ಹೇಳಬಾರದಿತ್ತು."