ನೊಣರಾಯರ ಬಿಯರ್ ಪರೀಕ್ಷೆ

ಇರುವೆಗೂ ಆನೆಗೂ ಹಸಿವು ಕೊಟ್ಟು, ಅದಕ್ಕೆ ತಕ್ಕ ಅನ್ನವನ್ನೂ ಕೊಟ್ಟ ಪರಮಾತ್ಮನಿಗೆ ಮೊದಲು ಕೈಮುಗಿಯೋಣ.

ಮನೆಯಲ್ಲೇ ಬಿಯರ್ ಹುದುಗಿಸುವವನೊಬ್ಬ ಗೋಡೆಬದಿಯ ಮೇಜಿನ ಮೇಲೆ ಬಗೆಬಗೆಯ ಬಿಯರನ್ನು ಲೋಟಗಳಿಗೆ ಸುರಿದಿಟ್ಟು, ಗೆಳೆಯರನ್ನು ಕರೆತರಲು ಹೋದ. ನೊಣರಾಯರು ಮೊದಲ ಲೋಟದ ಅಂಚಿಗಿಳಿದು ಹೀರಿ, "ಕಹಿ ಸಾಲದು" ಎಂದು ತೀರ್ಪು ಕೊಟ್ಟರು. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು.

"ಕೇಳಿದೆಯಾ? ಹಲ್ಲಿ ನುಡೀತು, ನನ್ನ ಮಾತು ಸತ್ಯ!" ಎಂದು ಹೆಂಡತಿಯ ಮುಂದೆ ಬೀಗಿದರು.

"ಸತ್ಯವೇ ಇರಬಹುದು ರೀ, ಆದರೆ ನಿಮ್ಮ ರೆಕ್ಕೆ ಅಂಟಾಗ್ತಿದೆ. ಇನ್ನೂ ಹಾರೋಕಾಗುತ್ತೆ, ಮನೆಗೆ ಬನ್ನಿ."

"ಕುಡಿಯೋರು ಕುಡುಕರು ಕಣೇ. ನಾನು ಪರೀಕ್ಷೆ ಮಾಡ್ತಿದ್ದೀನಿ."

ಎರಡನೆಯದು ಹುಳಿ, ಮೂರನೆಯದು ಬರೀ ನೀರು ಎಂದು ಜರೆಯುತ್ತಲೇ ಎರಡನ್ನೂ ಹೊಟ್ಟೆ ಬಿರಿಯುವಷ್ಟು ಹೀರಿದರು. ಒಂದೊಂದು ತೀರ್ಪಿಗೂ ಲೊಚಗುಟ್ಟುತ್ತ ಹಲ್ಲಿ ಕೆಳಗಿಳಿದು ಬಂತು. ಹೆಂಡತಿ ಕಿರುಚಿಕೊಂಡು ಹಾರಿದಳು. ರಾಯರ ರೆಕ್ಕೆ ಮಾತ್ರ ಮೇಲೇಳಲಿಲ್ಲ.

"ಬನ್ನಿ ಹಲ್ಲಿಯವರೇ, ತಮ್ಮ ಅಭಿಪ್ರಾಯ?" ಎಂದರು.

ಹಲ್ಲಿ ಅವರನ್ನು ನುಂಗಿ, ಬಾಯಿ ಚಪ್ಪರಿಸಿ, "ನಿನ್ನೆಯ ನೊಣಕ್ಕಿಂತ ಇದು ಚೆನ್ನಾಗಿ ನೆನೆದಿದೆ" ಎಂದು ತೀರ್ಪು ಕೊಟ್ಟಿತು.

ಕೇಳಿದ ನಿಮ್ಮೆಲ್ಲರನ್ನೂ ದೇವರು ಹೊತ್ತಿಗೆ ಸರಿಯಾಗಿ ಮನೆ ಸೇರಿಸಿ ಕಾಪಾಡಲಿ.