ಕೊಕ್ಕರೆಯ ಕುತ್ತಿಗೆ ಅಳೆದ ವೇಗ

ಕುರುಚಲು ಕಾಡಿನ ನಡುವೆ ಒಂದು ಹೊಂಡವಿತ್ತು. ಬೇಸಿಗೆಯ ಕೊನೆಗೆ ಅದರಲ್ಲಿ ನೀರಿಗಿಂತ ಕೆಸರೇ ಹೆಚ್ಚು. ಉಳಿದ ಒಂದಿಷ್ಟು ನೀರಿನಲ್ಲಿ ಪುಟ್ಟೀರಮ್ಮ ಎಂಬ ಕಪ್ಪೆಯ ಮರಿಗಳಿದ್ದವು. ಬಾಲ ಇತ್ತು, ಕಾಲು ಇನ್ನೂ ಬಂದಿರಲಿಲ್ಲ. ನೀರು ಬತ್ತಿದರೆ ಅವು ಎದ್ದು ಬೇರೆ ಕಡೆ ಹೋಗುವಂತಿರಲಿಲ್ಲ.

ಪ್ರತಿ ಬೇಸಿಗೆ ಆನೆಗಳು ಬಂದು ಹೊಂಡದ ತಳ ಅಗೆದು ಒರತೆ ತೆಗೆಯುತ್ತಿದ್ದವು. ಅವೂ ಕುಡಿಯುತ್ತಿದ್ದವು, ಉಳಿದವರೂ ಬದುಕುತ್ತಿದ್ದರು. ಈ ಸಲ ಅವು ಗುಡ್ಡದ ಆಚೆಗೇ ನಿಂತುಬಿಟ್ಟಿದ್ದವು. ಸಂಜೆಗೆ ದೂರದ ಹೊಳೆಗೆ ಹೊರಡುತ್ತವೆ ಎಂದು ಗಿಳಿಗಳು ಹೇಳಿ, ಉತ್ತರಕ್ಕೂ ಕಾಯದೆ ಹಾರಿಹೋದವು.

"ಯಾರಾದರೂ ಹೋಗಿ ಆನೆಗಳನ್ನ ಕರೀಬೇಕು," ಅಂದಳು ಪುಟ್ಟೀರಮ್ಮ. "ಕೊಕ್ಕರೆ ಮಾವ, ನೀವೇ ಹೋಗಬಾರದಾ?"

"ನಾನು ಹೋದರೆ ಪರೀಕ್ಷೆ ಯಾರು ಮಾಡ್ತಾರಮ್ಮ?" ಅಂದಿತು ಕೊಕ್ಕರೆ.

ಅದೊಂದು ಪದ್ಧತಿ, ಮಕ್ಕಳೇ. ಆ ಕಾಡಿನಲ್ಲಿ ಯಾರೇ ಸುದ್ದಿ ಒಯ್ಯಬೇಕಾದರೂ ಮೊದಲು ಕೊಕ್ಕರೆಯ ಮುಂದೆ ತಮ್ಮ ವೇಗ ತೋರಿಸಬೇಕು. ಯಾರ ಕಡೆ ತಿರುಗಿ ತಿರುಗಿ ನೋಡಿ ಕೊಕ್ಕರೆಯ ಕುತ್ತಿಗೆ ಹೆಚ್ಚು ನೋಯುತ್ತದೋ ಅವರೇ ವೇಗಶಾಲಿ. ಅಷ್ಟು ಉದ್ದದ ಕುತ್ತಿಗೆ ಬೇರೆ ಯಾರಿಗೂ ಇರಲಿಲ್ಲ. ಆದ್ದರಿಂದ ಯಾರೂ ವಾದಿಸುತ್ತಿರಲಿಲ್ಲ.

ಮೊದಲು ಬಂದವನು ಮಿಂಚಪ್ಪ. ಅವನೊಂದು ಏರೋಪ್ಲೇನ್ ಚಿಟ್ಟೆ. ಎಡಕ್ಕೆ ಹಾರಿದ, ಬಲಕ್ಕೆ ಹಾರಿದ, ಮೇಲೆ ಹೋದ, ಗಾಳಿಯಲ್ಲೇ ನಿಂತ, ದಿಢೀರನೆ ಕೆಳಗೆ ಬಿದ್ದ, ತಾನು ಹೊರಟ ಜೊಂಡಿನ ಮೇಲೆಯೇ ಬಂದು ಕೂತ.

"ಅಬ್ಬಬ್ಬಾ, ಎಂಥ ವೇಗ," ಎಂದು ಕೊಕ್ಕರೆ ಕುತ್ತಿಗೆ ಒತ್ತಿಕೊಂಡಿತು.

ಆಮೇಲೆ ಕಾಳಣ್ಣ ಎಂಬ ಉಡ ಬಂದ. "ಯಾವ ಕಡೆ ಹೋಗಲಿ?" ಎಂದು ಕೇಳಿದ.

"ಪರೀಕ್ಷೆಯಲ್ಲಿ ಪ್ರಶ್ನೆ ಕೇಳೋನು ನಾನು. ನೀನು ಹೋಗು ಅಷ್ಟೇ."

ಕಾಳಣ್ಣ ಕೊಕ್ಕರೆಯ ಎದುರಿಗಿದ್ದ ಬಂಡೆಯ ಕಡೆಗೆ ನೇರವಾಗಿ ಸರಸರ ನಡೆದ. ಕೊಕ್ಕರೆ ನೋಡೇ ನೋಡಿತು. ಕುತ್ತಿಗೆ ಒಂದು ಕೂದಲೆಳೆಯಷ್ಟೂ ತಿರುಗಿಸಬೇಕಾಗಲಿಲ್ಲ.

"ಇವನು ಚಲಿಸ್ತಾನೇ ಇಲ್ಲ," ಅಂದಿತು. "ನಿಂತಲ್ಲೇ ಸಣ್ಣವನಾಗ್ತಿದ್ದಾನೆ. ಆರೋಗ್ಯ ಸರಿ ಇಲ್ಲ ಅನಿಸುತ್ತೆ."

ಮಿಂಚಪ್ಪ ಆಯ್ಕೆಯಾದ. ಕಾಳಣ್ಣ ಬಂಡೆ ಮುಟ್ಟಿ ವಾಪಸ್ ಬರುವಷ್ಟರಲ್ಲಿ ತೀರ್ಪು ಮುಗಿದಿತ್ತು. ಅವನು ನೆರಳಿನಲ್ಲಿ ಹೋಗಿ ಮಲಗಿದ.

ಮಿಂಚಪ್ಪ ಗುಡ್ಡದ ಕಡೆ ಹೊರಟ. ದಾರಿಯಲ್ಲಿ ಒಂದು ಸೊಳ್ಳೆ ಸಿಕ್ಕಿತು, ಅದರ ಹಿಂದೆ ಹೋದ. ತನ್ನ ಜೊಂಡಿನ ಮೇಲೆ ಇನ್ನೊಬ್ಬ ಕೂತುಬಿಟ್ಟಾನೆಂದು ಭಯವಾಯಿತು, ಹಿಂದೆ ಬಂದ. ಮತ್ತೆ ಹೊರಟ. ಗಾಳಿ ಬೀಸಿತು, ಗಾಳಿಯ ಜೊತೆ ಹೋದ. ಗಾಳಿ ತಿರುಗಿತು, ತಿರುಗಿದ.

ಬಿಸಿಲು ನೆತ್ತಿಗೆ ಬಂದಾಗ ಮರಿಗಳ ಬೆನ್ನು ನೀರಿನಿಂದ ಹೊರಗೆ ಕಾಣುತ್ತಿತ್ತು. ಪುಟ್ಟೀರಮ್ಮ ಬಾಯಲ್ಲಿ ನೀರು ತುಂಬಿಕೊಂಡು ಅವುಗಳ ಮೇಲೆ ಉಗುಳುತ್ತಿದ್ದಳು. ತಲೆ ಎತ್ತಿದರೆ ಮಿಂಚಪ್ಪ ಜೊಂಡಿನ ಮೇಲೆ.

"ಆನೆಗಳು ಏನಂದವು, ತಮ್ಮಾ?"

"ಬೆಳಿಗ್ಗೆಯಿಂದ ರೆಕ್ಕೆ ನಿಂತಿಲ್ಲ ಅಕ್ಕ."

"ಅದು ಕಾಣ್ತಿದೆ. ಆನೆಗಳು ಏನಂದವು?"

"ಗುಡ್ಡದ ಕಡೆ ಹೋದೆ. ಆಮೇಲೆ ಈ ಕಡೆ ಬಂದೆ. ಆಮೇಲೆ ಆ ಕಡೆ..."

"ಅಂದರೆ ಇಲ್ಲೇ ಇದ್ದೀಯ."

"ಇಲ್ಲೇ ಇದ್ದೀನಿ, ಆದರೆ ತುಂಬಾ ವೇಗವಾಗಿ."

ಪುಟ್ಟೀರಮ್ಮ ಜಗಳವಾಡಲಿಲ್ಲ. ಜಗಳಕ್ಕೂ ಬಾಯಿ ಬೇಕು, ಅದರಲ್ಲಿ ನೀರು ತುಂಬಬೇಕಿತ್ತು. ನೆರಳಿಗೆ ಕುಪ್ಪಳಿಸಿ ಉಡವನ್ನು ಎಬ್ಬಿಸಿದಳು.

"ಕಾಳಣ್ಣ, ಗುಡ್ಡದ ಆಚೆ ಆನೆಗಳಿವೆ. ಕರ್ಕೊಂಡು ಬಾ."

"ಪರೀಕ್ಷೆ?"

"ನನಗೆ ಕುತ್ತಿಗೆಯೇ ಇಲ್ಲ, ನನ್ನ ಲೆಕ್ಕದಲ್ಲಿ ನೀನು ಪಾಸಾಗಿದ್ದೀಯ. ಹೋಗು."

ಕಾಳಣ್ಣ ಹೋದ. ದಾರಿಯಲ್ಲಿ ಹುಳ ಸಿಕ್ಕವು, ನೋಡಿದ, ಹಸಿವಾಯಿತು, ನಡೆದ. ಗುಡ್ಡ ಇಳಿಯುವಾಗ ಆನೆಗಳು ಸಾಲಾಗಿ ಹೊರಟು ನಿಂತಿದ್ದವು.

"ಅಮ್ಮಾ, ನಮ್ಮ ಹೊಂಡದ ತಳದಲ್ಲಿ ಒರತೆ ಇದೆ. ಅಗೆಯೋಕೆ ನಮ್ಮ ಹತ್ತಿರ ಸೊಂಡಿಲಿಲ್ಲ," ಅಂದ.

ಹಿರಿಯಾನೆ ಯೋಚಿಸಿತು. "ಹೊಳೆಗಿಂತ ಹತ್ತಿರವಾ?"

"ತುಂಬಾ ಹತ್ತಿರ."

ಸಂಜೆಯ ಬೆಳಕಿನಲ್ಲಿ ಆನೆಗಳು ಹೊಂಡದ ತಳ ಅಗೆದವು. ಮೊದಲು ಕೆಸರು ಬಂತು, ಆಮೇಲೆ ಕೆಂಪು ನೀರು, ಆಮೇಲೆ ನೀರು. ಮರಿಗಳ ಬಾಲ ಮತ್ತೆ ಆಡತೊಡಗಿತು.

ಮರುದಿನ ಕೊಕ್ಕರೆಯ ಅಧ್ಯಕ್ಷತೆಯಲ್ಲಿ ಸಭೆ ಸೇರಿತು. ಹಿಂದಿನ ದಿನ ಅತಿ ಹೆಚ್ಚು ಹಾರಾಡಿದ್ದಕ್ಕಾಗಿ ಮಿಂಚಪ್ಪನಿಗೆ ಸನ್ಮಾನ. ಹೂವಿನ ಎಸಳಿನ ಹಾರ ತಂದಿದ್ದರು, ಹಾಕಲು ಹೋದಾಗಲೆಲ್ಲ ಅವನು ಬೇರೆ ಕಡೆ ಇರುತ್ತಿದ್ದ. ಕೊನೆಗೆ ಹಾರವನ್ನು ಜೊಂಡಿಗೆ ಹಾಕಿದರು.

ಪುಟ್ಟೀರಮ್ಮ ಸಭೆಗೆ ಹೋಗಲಿಲ್ಲ. ಕಾಳಣ್ಣನನ್ನು ಊಟಕ್ಕೆ ಕರೆದಿದ್ದಳು.

ನೀತಿ: ಕ್ಷಣಕ್ಕೊಂದು ಕಡೆ ತಿರುಗುವುದು ಚಂಚಲತೆ, ಒಂದೇ ಕಡೆಗೆ ಬೇಗ ಸಾಗುವುದು ವೇಗ. ತುರ್ತಿನ ಕೆಲಸ ಒಪ್ಪಿಸುವಾಗ ಯಾರು ಹೆಚ್ಚು ಅಲ್ಲಾಡುತ್ತಾರೆ ಎಂದು ನೋಡಬೇಡಿ, ಯಾರು ತಲುಪುತ್ತಾರೆ ಎಂದು ನೋಡಿ.