ನೀರುನಾಯಿ ಮುಚ್ಚಿದ ಕವಲು

ಮಕ್ಕಳೇ, ಮೂರು ಗುಡ್ಡಗಳ ನಡುವಿನ ಕಣಿವೆಯಲ್ಲಿ ಬಿಳಿಕಲ್ಲು ಹಳ್ಳ ಎಂಬ ಹಳ್ಳ ಹರಿಯುತ್ತಿತ್ತು. ನಡುವೆ ಒಂದು ದೊಡ್ಡ ಬಂಡೆ ಅಡ್ಡ ಬಂದು, ಅಲ್ಲಿ ಅದು ಎರಡು ಕವಲಾಗುತ್ತಿತ್ತು. ಎಡಗವಲಿನ ಮಡುವಿನಲ್ಲಿ ಒಂದು ನೀರುನಾಯಿ ತನ್ನ ಎರಡು ಮರಿಗಳೊಂದಿಗೆ ಇತ್ತು. ಬಲಗವಲಿನ ಮಡುವಿನಲ್ಲಿ ಒಂದು ಮುದಿ ಏಡಿ, ಅದರ ಮೊಮ್ಮಕ್ಕಳು.

ನೀರುನಾಯಿಗೆ ಎಷ್ಟು ಮೀನು ಸಿಕ್ಕರೂ ಸಾಲದು. ಬಲಗಡೆಗೆ ಹೋಗುವ ನೀರನ್ನು ಕಂಡಾಗಲೆಲ್ಲ ಅದಕ್ಕೆ ಹೊಟ್ಟೆಯುರಿ.

ಒಂದು ಬೆಳಗ್ಗೆ ಅದು ಕಾಡುಹಂದಿಯನ್ನು ಕರೆಯಿತು. "ಹಂದಿಯಣ್ಣ, ಬಲಗವಲಿಗೆ ನಾಲ್ಕು ಕಲ್ಲು ಉರುಳಿಸಿಕೊಡು. ಬೇಸಿಗೆ ಪೂರ್ತಿ ನನ್ನ ಮಡುವಿನ ಕೆಸರಲ್ಲಿ ನೀನು ಹೊರಳಾಡಬಹುದು."

ಹಂದಿಗೆ ಅಷ್ಟೇ ಸಾಕಾಯಿತು. ಸಂಜೆಯೊಳಗೆ ಕಲ್ಲು ಕೂತವು. ಸಂದುಗಳಿಗೆ ನೀರುನಾಯಿ ಮಣ್ಣು, ತರಗೆಲೆ ಮೆತ್ತಿತು. ಎಡಮಡು ತುಂಬಿ ತುಳುಕಿತು, ಬಲಮಡು ದಿನದಿನಕ್ಕೆ ಇಂಗಿತು.

ಏಡಿಯಜ್ಜ ಬಂಡೆ ಹತ್ತಿ ಇಳಿದು ಬಂದ. "ಅಕ್ಕಾ, ನನ್ನ ಬೆನ್ನು ನೆನೆಯುವಷ್ಟೂ ನೀರಿಲ್ಲ. ಸ್ವಲ್ಪ ಬಿಡಮ್ಮ."

"ಹಳ್ಳಕ್ಕೆ ನನ್ನ ಕಡೆಯೇ ಇಷ್ಟ. ನಾನೇನು ಮಾಡಲಿ?"

"ಕಲ್ಲು ಉರುಳಿಸಿದ್ದು ಹಳ್ಳವೇ?"

"ಜೋರಾಗಿ ಮಾತಾಡಬೇಡ ಅಜ್ಜ, ಮೀನು ಬೆದರುತ್ತವೆ" ಎಂದು ನೀರುನಾಯಿ ಮುಳುಗಿಬಿಟ್ಟಿತು.

ಏಡಿಯಜ್ಜ ತನ್ನ ಕವಲಿಗೆ ಹಿಂದಿರುಗಿದ. ಅಡ್ಡಗಟ್ಟಿದ ಕಲ್ಲುಗಳ ಬುಡದಲ್ಲಿ ಹನಿಹನಿ ನೀರು ಜಿನುಗುತ್ತಿತ್ತು. ಮೊಮ್ಮಕ್ಕಳನ್ನು ಅಲ್ಲಿಗೆ ಕರೆತಂದು ಆ ತೇವದಲ್ಲೇ ಬೇಸಿಗೆ ಕಳೆದ.

ಒಂದು ಮಧ್ಯಾಹ್ನ ಮೇಲಿನ ಗುಡ್ಡದಲ್ಲಿ ಮೊದಲ ಮಳೆ ಸುರಿಯಿತು. ಕಣಿವೆಯಲ್ಲಿ ಇನ್ನೂ ಬಿಸಿಲಿರುವಾಗಲೇ ಕೆಂಪು ನೀರು ನುಗ್ಗಿ ಬಂತು. ಎರಡು ಕವಲಲ್ಲಿ ಹೋಗಬೇಕಾದ ಪ್ರವಾಹವೆಲ್ಲ ಎಡಗವಲಿಗೇ ಬಿತ್ತು. ನೀರುನಾಯಿಯ ಬಿಲ ದಂಡೆಯ ಬೇರುಗಳ ಕೆಳಗಿತ್ತು. ಅದು ಒಂದು ಮರಿಯನ್ನು ಕಚ್ಚಿಕೊಂಡು ಬಂಡೆಗೆ ಹಾಕಿ ತಿರುಗುವಷ್ಟರಲ್ಲಿ ಬಿಲದ ಬಾಯಿ ಮುಳುಗಿಹೋಗಿತ್ತು. ಇನ್ನೊಂದು ಮರಿ ಒಳಗೇ ಇತ್ತು. ಎರಡು ಸಲ ಧುಮುಕಿದರೂ ಸೆಳವು ತಾಯಿಯನ್ನು ಆಚೆಗೆ ಎಸೆಯಿತು.

"ಹಂದಿಯಣ್ಣಾ! ಕಲ್ಲು ತೆಗೆಯೋ!"

ಹಂದಿ ಓಡಿಬಂದು ಮೂತಿಯಿಂದ ನೂಕಿತು. ಬೇಸಿಗೆಯಲ್ಲಿ ಗಟ್ಟಿಯಾದ ಕೆಸರು ಕಲ್ಲನ್ನು ಹಿಡಿದಿತ್ತು. ಅದು ಅಲುಗಲಿಲ್ಲ.

"ಬುಡದ ಮಣ್ಣು ಬಿಡಿಸಬೇಕು" ಎಂದಿತು ಕೆಳಗಿನಿಂದ ಒಂದು ದನಿ. ಏಡಿಯಜ್ಜ! ಅವನಾಗಲೇ ಮೊಮ್ಮಕ್ಕಳನ್ನು ದಂಡೆಗೆ ಹತ್ತಿಸಿ, ಒಬ್ಬನೇ ಕಲ್ಲಿನಡಿ ಅಗೆಯುತ್ತಿದ್ದ.

"ಅಜ್ಜಾ, ಕಲ್ಲು ನಿನ್ನ ಮೇಲೇ ಬೀಳುತ್ತೆ! ನಾನು ನಿನಗೆ ಅಷ್ಟು ಅನ್ಯಾಯ ಮಾಡಿದ್ದರೂ..." ಎಂದು ನೀರುನಾಯಿ ಕೂಗಿತು.

"ಅದನ್ನೆಲ್ಲ ಆಮೇಲೆ ಹೇಳು. ಮರಿ ಒಳಗಿದೆ. ಹಂದಿಯಪ್ಪಾ, ಈಗ ನೂಕು!"

ಕಲ್ಲು ಉರುಳಿತು. ಅರ್ಧ ನೀರು ಭೋರೆಂದು ಬಲಗವಲಿಗೆ ಹೊರಳಿತು. ಎಡಮಡುವಿನ ಮಟ್ಟ ಇಳಿದು ಬಿಲದ ಬಾಯಿ ಕಂಡದ್ದೇ ತಡ, ನೀರುನಾಯಿ ಒಳನುಗ್ಗಿ ಮರಿಯನ್ನು ಎಳೆದು ತಂದಿತು. ಮರಿ ಸ್ವಲ್ಪ ಹೊತ್ತು ಸುಮ್ಮನೆ ಬಿದ್ದಿತ್ತು. ಆಮೇಲೆ ಮೂರು ಸಲ ಸೀನಿತು.

ಆಗ ನೀರುನಾಯಿ ಏಡಿಯಜ್ಜನನ್ನು ಹುಡುಕಿತು. ಅವನು ಕೊಚ್ಚಿಹೋಗಿ ಕೆಳಗೆ ಒಂದು ಮರದ ಬೇರಿಗೆ ಸಿಕ್ಕಿಕೊಂಡಿದ್ದ. ಒಂದು ಕಾಲು ಮುರಿದಿತ್ತು. ನೀರುನಾಯಿ ಅವನನ್ನು ಮೆಲ್ಲನೆ ಬಿಡಿಸಿ ಮೊಮ್ಮಕ್ಕಳ ನಡುವೆ ಇಳಿಸಿತು.

ಮಾರನೆಯ ದಿನ ನೀರುನಾಯಿ ಉಳಿದ ಕಲ್ಲುಗಳನ್ನೂ ಹಂದಿಯ ಜೊತೆ ಸೇರಿ ಕಿತ್ತಿತು.

"ಇವನ್ನು ಎಲ್ಲಿ ಹಾಕಲಿ ಅಜ್ಜ?" ಎಂದು ತಲೆ ತಗ್ಗಿಸಿ ಕೇಳಿತು.

"ನಮ್ಮ ಮಡುವಿನ ಮೂಲೆಗೆ ಹಾಕಮ್ಮ. ಹುಡುಗರಿಗೆ ನೆರಳಾಗುತ್ತೆ" ಎಂದ ಏಡಿಯಜ್ಜ.

ನೀತಿ: ಎಲ್ಲರ ಪಾಲನ್ನೂ ತನ್ನ ಕಡೆಗೇ ಎಳೆದುಕೊಂಡವರ ಮೇಲೆ ಎಲ್ಲರ ಪಾಲಿನ ಆಪತ್ತೂ ಬಂದು ಬೀಳುತ್ತದೆ.